ಒಂದು ಸಂಗತಿಗೆ ಒಬ್ಬ ಒಡೆಯ

ಇಂದು ಚಿಕ್ಕಮಗಳೂರು ಜಿಲ್ಲೆಯೆಂದು ಕರೆಯಿಸಿಕೊಳ್ಳುವ ಸೀಮೆಗೆ 1947ರವರೆಗೂ ಕಡೂರು ಜಿಲ್ಲೆಯೆಂಬ ಹೆಸರೇ ಸಲ್ಲುತ್ತಿದ್ದಿತು. ಆದರೆ ಆ ಹೆಸರು ಚಲಾವಣೆಯಲ್ಲಿದ್ದ ಕಾಲದ ಬಹುಭಾಗದಲ್ಲಿ ಜಿಲ್ಲೆಯ ಕೇಂದ್ರಸ್ಥಾನವಿದ್ದುದು ಕಡೂರಿನಲ್ಲಲ್ಲ, ಚಿಕ್ಕಮಗಳೂರಿನಲ್ಲಿ. ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರನ್ನು ಕೈಗೆತ್ತಿಕೊಂಡವನಿಗೆ ಕಡೂರು ಎಂಬ ಹೆಸರು ಒಮ್ಮೆ ಊರಾಗಿ, ಒಮ್ಮೆ ತಾಲೂಕಾಗಿ, ಮತ್ತೊಮ್ಮೆ ಮಲೆನಾಡನ್ನೂ ಬಯಲುಸೀಮೆಯನ್ನೂ ಒಳಗೊಂಡ ಇಡಿಯ ಜಿಲ್ಲೆಯಾಗಿ ಎದುರಾಗುತ್ತದೆ. ಓದುವವನು ಮನುಷ್ಯನಾದುದರಿಂದ ಪ್ರಸಂಗವನ್ನು ನೋಡಿ ಸರಿಯಾದ ಅರ್ಥವನ್ನು ಹಿಡಿದುಕೊಳ್ಳುತ್ತಾನೆ. ಗಣಕಯಂತ್ರಕ್ಕೆ ಆ ವಿವೇಕವಿಲ್ಲ. ಯಾವ ಕಡೂರು, ಯಾವ ಕಾಲದ ಕಡೂರು, ಯಾರು ಹೇಳಿದ ಕಡೂರು ಎಂಬುದನ್ನು ಅದಕ್ಕೆ ಮೊದಲೇ ತಿಳಿಸಿಟ್ಟಿರಬೇಕು.

ಹೀಗೆ ಮೊದಲೇ ತಿಳಿಸಿಡುವ ಕಾರ್ಯವು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಸರ್ಕಾರದಂತಹ ಬೃಹತ್ ಸಂಸ್ಥೆಯೊಂದು ಮಾಡತಕ್ಕ ಕೆಲಸಗಳು ಯಾವುವು, ಆ ಕೆಲಸಗಳಿಗೆ ಬೇಕಾದ ಮಾಹಿತಿ ಯಾವುದು, ಆ ಮಾಹಿತಿಯನ್ನು ಬರೆಯುವ ಅಧಿಕಾರ ಯಾವ ಇಲಾಖೆಗೆ ಸೇರಿದ್ದು, ಉಳಿದವರು ಅದನ್ನು ಯಾವ ದಾರಿಯಿಂದ ಪಡೆದುಕೊಳ್ಳಬೇಕು, ಇವೆಲ್ಲವನ್ನೂ ಹೊತ್ತು ನಡೆಯುವ ತಂತ್ರಾಂಶಗಳೂ ಯಂತ್ರಗಳೂ ಹೇಗಿರಬೇಕು ಎಂಬುದನ್ನು ಒಟ್ಟಿಗೆ ಯೋಚಿಸಿ, ಬರೆದು, ಎಲ್ಲರಿಂದಲೂ ಒಪ್ಪಿಸಿಕೊಳ್ಳುವುದಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ಸಂಸ್ಥಾವಿನ್ಯಾಸವೆಂದು ಕರೆಯುತ್ತೇನೆ. ಅದರ ಮಾನದಂಡವನ್ನು ಸಿದ್ಧಪಡಿಸುವ ಯತ್ನ ನಮ್ಮ ದೇಶದಲ್ಲಿ ಎಲ್ಲಿಯವರೆಗೆ ಬಂದಿದೆ, ಮುಂದೆ ಯಾವ ಕಡೆಗೆ ಹೊರಟಿದೆ ಎಂಬುದನ್ನು ದೆಹಲಿಯ ದಸ್ತಾವೇಜುಗಳಿಂದ ತಿಳಿಯುವುದಕ್ಕಿಂತ ಕಡೂರು, ತರೀಕೆರೆ, ಅಜ್ಜಂಪುರಗಳ ತಾಲೂಕು ಕಚೇರಿಗಳ ಕಿಟಕಿಯ ಬಳಿ ನಿಂತು ತಿಳಿಯುವುದು ಸುಲಭವೆಂದು ನನ್ನ ಎಣಿಕೆ.

ಅಲ್ಲಿ ರೈತನ ಕೈಗೆ ಬರುವ ಪಹಣಿಯ ಒಂದು ಹಾಳೆಯನ್ನೇ ತೆಗೆದುಕೊಳ್ಳೋಣ. ನಮೂನೆ 16 ಎಂಬ ಆ ಹಾಳೆಯ ತಲೆಯಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳ ಹೆಸರು. ಅದರ ಕೆಳಗೆ ಸರ್ವೆ ನಂಬರು, ಹಿಸ್ಸಾ ನಂಬರು, ವಿಸ್ತೀರ್ಣ. ಇವು ಭೂಮಾಪನ ಇಲಾಖೆಯವರ ಆಕಾರಬಂದಿನಿಂದಲೂ ಟಿಪ್ಪಣಿಯಿಂದಲೂ ಇಳಿದು ಬಂದವು. ಪೋಡಿಯಾಗಿ ಜಮೀನು ಒಡೆದರೆ ಬದಲಾಗತಕ್ಕವು. 9ನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರು, ಅದರ ಜೊತೆಗೆ ‘ಬಿನ್’ ಎಂದು ತಂದೆಯ ಹೆಸರು ಅಥವಾ ‘ಕೋಂ’ ಎಂದು ಗಂಡನ ಹೆಸರು. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರವಾಗಿ, ಅಲ್ಲಿಂದ ಮ್ಯುಟೇಶನ್ನಿಗೆ ಬಂದು, ತಕರಾರಿನ ಅವಧಿ ಕಳೆದ ಮೇಲೆ ಈ ಅಂಕಣ ತಿದ್ದಲ್ಪಡುತ್ತದೆ. 11ನೆಯ ಅಂಕಣದಲ್ಲಿ ಋಣಭಾರ. ಇದರ ಸತ್ಯವಿರುವುದು ಸಾಲಕೊಟ್ಟ ಬ್ಯಾಂಕಿನಲ್ಲಿಯೋ ಸಹಕಾರ ಸಂಘದಲ್ಲಿಯೋ. 12ನೆಯ ಅಂಕಣದಲ್ಲಿ ಸಾಗುವಳಿದಾರನ ಹೆಸರೂ ಬೆಳೆಯ ವಿವರವೂ. ಇದನ್ನು ಹಿಂದೆ ಶಾನುಭೋಗರು, ಅನಂತರ ಗ್ರಾಮ ಲೆಕ್ಕಿಗರು ಹೊಲವನ್ನು ನೋಡಿ ಬರೆಯಬೇಕಾಗಿದ್ದಿತು, ಈಗ ಮೊಬೈಲಿನಲ್ಲಿ ಛಾಯಾಚಿತ್ರ ಸಹಿತವಾಗಿ ನಡೆಯುವ ಬೆಳೆ ಸಮೀಕ್ಷೆಯಿಂದ ತಿಳಿಯಬೇಕಾಗಿದೆ. ಒಂದು ಹಾಳೆ, ನಾಲ್ಕು ಅಧಿಕಾರಗಳು. ನೋಡುವವನಿಗೆ ಅದೊಂದು ಕಾಗದ. ಸಂಸ್ಥಾವಿನ್ಯಾಸಕಾರನಿಗೆ ನಾಲ್ಕು ಬೇರೆ ಬೇರೆ ಮೂಲಗಳಿಂದ ಬಂದ ಸಂಗತಿಗಳ ಸಂಧಿಸ್ಥಾನ.

ಈ ಮೂಲಗಳು ಒಂದನ್ನೊಂದು ಕೇಳದೆ ನಡೆದರೆ ಆಗತಕ್ಕ ತೊಂದರೆ ಏನೆಂಬುದು ಕಡೂರಿನ ಕಡೆಯ ರಾಗಿ ಬೆಳೆಗಾರನಿಗೆ ಚೆನ್ನಾಗಿ ಗೊತ್ತು. ಬೆಂಬಲ ಬೆಲೆಗೆ ರಾಗಿಯನ್ನು ಮಾರಬೇಕಾದರೆ ಫ್ರೂಟ್ಸ್ ಎಂಬ ರೈತರ ನೋಂದಣಿ ವ್ಯವಸ್ಥೆಯ ಗುರುತಿನ ಸಂಖ್ಯೆ ಬೇಕು. ಆ ಸಂಖ್ಯೆಗೆ ಸರ್ವೆ ನಂಬರುಗಳು ಜೋಡಣೆಯಾಗಿರಬೇಕು. ಆಧಾರಿನ ಹೆಸರೂ ಪಹಣಿಯ ಹೆಸರೂ ಹೊಂದಬೇಕು. ಬೆಳೆ ಸಮೀಕ್ಷೆಯಲ್ಲಿ ಆ ಹೊಲದಲ್ಲಿ ರಾಗಿಯೇ ಕಂಡಿರಬೇಕು. ಅಜ್ಜನ ಹೆಸರಿನಲ್ಲಿಯೇ ಪಹಣಿ ನಿಂತಿರುವ, ಪೌತಿಖಾತೆ (ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗದಿರುವ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿರುವ ಮನೆಗಳಲ್ಲಿ ಈ ನಾಲ್ಕೂ ಒಂದೇ ಕಡೆ ಕೂಡಿಬರುವುದು ಅಪರೂಪ. ಯಾವೊಂದು ಇಲಾಖೆಯೂ ಇಲ್ಲಿ ತಪ್ಪುಮಾಡಿಲ್ಲವೆಂಬುದೇ ವಿಚಿತ್ರ. ಪ್ರತಿಯೊಂದೂ ತನ್ನ ನಿಯಮದ ಪ್ರಕಾರ ನಿರ್ದುಷ್ಟವಾಗಿದೆ. ಅಲೆದಾಟ ಮಾತ್ರ ರೈತನದು.

ಇನ್ನು ಸೀಮೆಗಳ ಮಾತಿಗೆ ಬಂದರೆ ಈ ಮೂರು ತಾಲೂಕುಗಳಷ್ಟು ಬೋಧಪ್ರದವಾದ ಪ್ರದೇಶ ಇನ್ನೊಂದು ಸಿಕ್ಕುವುದು ಕಷ್ಟ. ಕಂದಾಯ ಇಲಾಖೆಯ ದೃಷ್ಟಿಯಲ್ಲಿ ಬೀರೂರು ಕಡೂರು ತಾಲೂಕಿನ ಒಂದು ಪಟ್ಟಣ. ಶಿಕ್ಷಣ ಇಲಾಖೆಯ ದೃಷ್ಟಿಯಲ್ಲಿ ಅದೊಂದು ಪ್ರತ್ಯೇಕ ವಲಯ. ಕಡೂರು ವಿಧಾನಸಭಾ ಕ್ಷೇತ್ರವು ಲೋಕಸಭೆಯ ಚುನಾವಣೆಗೆ ಹಾಸನದೊಡನೆ ಸೇರುತ್ತದೆ. ಪಕ್ಕದ ತರೀಕೆರೆ ಕ್ಷೇತ್ರವು ಉಡುಪಿ ಚಿಕ್ಕಮಗಳೂರಿನೊಡನೆ. ಜಿಲ್ಲೆಯೊಂದೇ ಆದರೂ ವಾಹನಗಳ ಮೇಲೆ ಚಿಕ್ಕಮಗಳೂರಿನ ಕೆಎ 18 ಒಂದು ಕಡೆ, ತರೀಕೆರೆಯ ಕೆಎ 66 ಇನ್ನೊಂದು ಕಡೆ. ಅಂಚೆಯವರನ್ನು ಕೇಳಿದರೆ ಅಜ್ಜಂಪುರ 577547, ಕಡೂರು 577548, ಎಂದರೆ ಒಡಹುಟ್ಟಿದ ಸಂಖ್ಯೆಗಳು. ಅಜ್ಜಂಪುರವನ್ನು ಬಹುಕಾಲ ಆಳಿದ ತರೀಕೆರೆಗೆ 577228. ವಿದ್ಯುತ್ತಿಗೆ ಮಂಗಳೂರಿನ ಮೆಸ್ಕಾಂ, ರೈಲಿಗೆ ಮೈಸೂರು ವಿಭಾಗ. ಇವುಗಳಲ್ಲಿ ಯಾವುದೂ ತಪ್ಪಲ್ಲ, ಯಾವುದನ್ನೂ ಅಳಿಸಬೇಕಾಗಿಲ್ಲ. ಒಂದೇ ನೆಲದ ಮೇಲೆ ಹತ್ತು ಇಲಾಖೆಗಳು ಹತ್ತು ಬಗೆಯ ಗೆರೆಗಳನ್ನು ಎಳೆದುಕೊಂಡಿರುವುದು ಆಯಾ ಕಾರ್ಯದ ಅವಶ್ಯಕತೆ. ಮಾನದಂಡವು ಮಾಡಬೇಕಾದುದು ಈ ಗೆರೆಗಳನ್ನೆಲ್ಲ ಒಂದೇ ಗೆರೆಯನ್ನಾಗಿ ಮಾಡುವುದಲ್ಲ. ಯಾವ ಗ್ರಾಮವು ಯಾವ ಯಾವ ಗೆರೆಗಳೊಳಗೆ ಇದೆಯೆಂಬುದನ್ನು ಒಂದು ಸ್ಥಳದಲ್ಲಿ, ಒಂದು ಸಂಖ್ಯೆಯ ಕೆಳಗೆ, ಎಲ್ಲರೂ ನಂಬುವಂತೆ ಬರೆದಿಡುವುದು.

ಲೋಕದಲ್ಲಿ ಈ ಶಾಸ್ತ್ರ ನಡೆದುಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಐಬಿಎಂ ಸಂಸ್ಥೆಯ ಜಾನ್ ಝಾಕ್‌ಮನ್ ಅವರು 1987ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಏನು, ಹೇಗೆ, ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನಿಟ್ಟುಕೊಂಡು ಮಾಹಿತಿ ವ್ಯವಸ್ಥೆಗಳ ವಿನ್ಯಾಸಕ್ಕೆ ಒಂದು ಚೌಕಟ್ಟನ್ನು ರಚಿಸಿದರು. 1992ರಲ್ಲಿ ಯಾರು, ಯಾವಾಗ, ಏಕೆ ಎಂಬ ಉಳಿದ ಮೂರೂ ಸೇರಿದವು. ಅಮೆರಿಕದ ರಕ್ಷಣಾ ಇಲಾಖೆಯ ಹಳೆಯ ಚೌಕಟ್ಟೊಂದನ್ನು ಆಧಾರವಾಗಿಟ್ಟುಕೊಂಡು ಓಪನ್ ಗ್ರೂಪ್ ಎಂಬ ಒಕ್ಕೂಟವು 1995ರಲ್ಲಿ ಟೋಗಾಫ್ ಎಂಬ ಮಾನದಂಡದ ಮೊದಲ ಆವೃತ್ತಿಯನ್ನು ಹೊರಡಿಸಿತು. ಅದರ ಒಂಬತ್ತನೆಯ ಆವೃತ್ತಿ 2009ರಲ್ಲಿ, ಹತ್ತನೆಯದು 2022ರಲ್ಲಿ. ವಿನ್ಯಾಸವನ್ನು ಬರೆದು ತಿಳಿಸುವ ಕ್ರಮಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 42010 ಎಂಬ ಮಾನಕ 2007ರಲ್ಲಿ ಬಂದು 2011ರಲ್ಲಿಯೂ 2022ರಲ್ಲಿಯೂ ಪರಿಷ್ಕೃತವಾಯಿತು. ಈಚಿನ ಆವೃತ್ತಿಗಳ ನಡುವೆ ಹನ್ನೊಂದು ಹದಿಮೂರು ವರ್ಷಗಳು ಹಿಡಿದುದನ್ನು ಕಂಡು ನಿಧಾನವೆಂದು ಆಕ್ಷೇಪಿಸುವವರಿದ್ದಾರೆ. ನೂರಾರು ಸಂಸ್ಥೆಗಳು ಒಪ್ಪಿದ ಮಾತನ್ನು ತಿದ್ದಬೇಕಾದರೆ ಅವೆಲ್ಲವೂ ಮತ್ತೆ ಒಪ್ಪಬೇಕಷ್ಟೆ. ಬೇಗ ಬೇಗ ಬದಲಾಗುವ ಮಾನದಂಡವು ಮಾನದಂಡವೇ ಅಲ್ಲ.

ನಮ್ಮ ದೇಶದಲ್ಲಿ ರಾಷ್ಟ್ರೀಯ ಇ-ಆಡಳಿತ ಯೋಜನೆಗೆ ಕೇಂದ್ರವು 2006ರ ಮೇ ತಿಂಗಳಿನಲ್ಲಿ ಅನುಮೋದನೆ ಕೊಟ್ಟಿತು. ಆದರೆ ಕರ್ನಾಟಕವು ಅದಕ್ಕೆ ಕಾದಿರಲಿಲ್ಲ. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯು ಅಷ್ಟರಲ್ಲಾಗಲೇ ಪೂರ್ಣಗೊಂಡು, ಅದನ್ನು ನಡೆಸಿದ ಅಧಿಕಾರಿ ರಾಜೀವ್ ಚಾವ್ಲಾ ಅವರ ಹೆಸರಿನೊಡನೆ ದೇಶವಿದೇಶಗಳಲ್ಲಿ ಚರ್ಚಿತವಾಗಿದ್ದಿತು. ನೋಂದಣಿಗೆ ‘ಕಾವೇರಿ’, ಖಜಾನೆಗೆ ‘ಖಜಾನೆ’, ಭೂಮಾಪನಕ್ಕೆ ‘ಮೋಜಿಣಿ’, ಗ್ರಾಮದ ಆಸ್ತಿಗಳಿಗೆ ‘ಇ-ಸ್ವತ್ತು’, ಸೇವೆಗಳ ಕಾಲಮಿತಿಗೆ 2012ರ ಏಪ್ರಿಲ್ ತಿಂಗಳಿನಿಂದ ‘ಸಕಾಲ’, ಕುಟುಂಬಗಳ ಸವಲತ್ತಿಗೆ ‘ಕುಟುಂಬ’ ಎಂದು ಒಂದೊಂದಾಗಿ ಬಂದವು. ಇವುಗಳ ಹೆಸರುಗಳೆಲ್ಲ ಸೊಗಸಾದ ಕನ್ನಡದಲ್ಲಿರುವುದು ಸಂತೋಷದ ಸಂಗತಿ. ಆದರೆ ಪ್ರತಿಯೊಂದೂ ತನ್ನ ಇಲಾಖೆಯ ಅಂಗಳದಲ್ಲಿ ಹುಟ್ಟಿತು. ನೆರೆಮನೆಯವರೊಡನೆ ನಂಟಸ್ತಿಕೆಯೇನಿದ್ದರೂ ಆಮೇಲೆ ಬೆಳೆದದ್ದು. ಕ್ರಯಪತ್ರ ನೋಂದಣಿಯಾದೊಡನೆ ಅದರ ಸುದ್ದಿ ಕಾವೇರಿಯಿಂದ ಭೂಮಿಗೆ ತಾನಾಗಿ ಹರಿಯುವಂತೆ ಮಾಡಲು ಪಟ್ಟ ಶ್ರಮವನ್ನು ಬಲ್ಲವರು, ಮೊದಲೇ ಒಂದು ವಿನ್ಯಾಸವಿದ್ದಿದ್ದರೆ ಎಷ್ಟು ಉಳಿತಾಯವಾಗುತ್ತಿದ್ದಿತೆಂದು ಲೆಕ್ಕ ಹಾಕಬಲ್ಲರು.

ಅಂತಹ ವಿನ್ಯಾಸದ ರಾಷ್ಟ್ರೀಯ ಮಾನದಂಡ ಬಂದದ್ದು 2018ರ ಅಕ್ಟೋಬರಿನಲ್ಲಿ. ಕೇಂದ್ರದ ವಿದ್ಯುನ್ಮಾನ ಹಾಗೂ ಮಾಹಿತಿ ತಂತ್ರಜ್ಞಾನ ಸಚಿವಾಲಯವು ‘ಇಂಡಿಯಾ’ ಎಂದೇ ಕಿವಿಗೆ ಕೇಳಿಸುವ ‘ಇಂಡ್-ಇಎ’ ಚೌಕಟ್ಟನ್ನು ಆಗ ಹೊರತಂದಿತು. ಕಾರ್ಯಗಳು, ಅನ್ವಯ ತಂತ್ರಾಂಶಗಳು, ದತ್ತಾಂಶ, ತಂತ್ರಜ್ಞಾನ, ಜೋಡಣೆ, ಭದ್ರತೆ, ಸಾಧನೆಯ ಅಳತೆ, ವಿನ್ಯಾಸದ ಉಸ್ತುವಾರಿ ಎಂಬ ಎಂಟು ಮಾದರಿಗಳನ್ನು ಅದು ನಿರೂಪಿಸುತ್ತದೆ. 2022ರ ಮೊದಲಲ್ಲಿ ಅದರ ಎರಡನೆಯ ಆವೃತ್ತಿಯ ಕರಡು ಹೊರಬಿತ್ತು. ಇಲಾಖೆಗಳ ತಂತ್ರಾಂಶಗಳನ್ನು ಜೋಡಿಸುವುದಷ್ಟಕ್ಕೇ ನಿಲ್ಲದೆ, ಸರ್ಕಾರದ ಹೊರಗಿನವರೂ ಬಳಸಬಹುದಾದ ಸಾಮಾನ್ಯ ಘಟಕಗಳನ್ನು ಕಟ್ಟಬೇಕೆಂಬುದು ಅದರ ಹಂಬಲ. ಆಂಧ್ರಪ್ರದೇಶದ ‘ಇ-ಪ್ರಗತಿ’ಯೂ ಮೇಘಾಲಯದ ‘ಮೇಘ್-ಇಎ’ಯೂ ರಾಜ್ಯಮಟ್ಟದಲ್ಲಿ ಇದೇ ಜಾಡಿನ ಪ್ರಯೋಗಗಳು. ಎಂಟು ಮಾದರಿಗಳಲ್ಲಿ ಕೊನೆಯದಾದ ಉಸ್ತುವಾರಿಯೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಮತ. ಮಿಕ್ಕ ಏಳನ್ನು ಜಾಣರಾದ ನಾಲ್ಕು ಮಂದಿ ಕುಳಿತು ಬರೆಯಬಹುದು. ಬರೆದುದನ್ನು ಮೀರಿದ ಇಲಾಖೆಯನ್ನು ತಡೆದು ನಿಲ್ಲಿಸುವವರು ಯಾರೆಂಬುದಕ್ಕೆ ಉತ್ತರವಿಲ್ಲದಿದ್ದರೆ ಆ ಏಳೂ ಗ್ರಂಥಭಂಡಾರಕ್ಕೆ ಭೂಷಣ.

ಈ ಶಾಸ್ತ್ರದ ಪ್ರಕಾರ ಯೋಜನೆ ಹಾಕುವ ಕ್ರಮ ಹೀಗೆ: ಈಗಿರುವ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಬರೆಯತಕ್ಕದ್ದು; ತಲುಪಬೇಕಾದ ಸ್ಥಿತಿಯನ್ನು ಬರೆಯತಕ್ಕದ್ದು; ಎರಡರ ನಡುವಣ ಅಂತರವನ್ನು ಅಳೆದು, ಒಮ್ಮೆಗೇ ನೆಗೆಯದೆ, ನಡುವೆ ತಂಗುದಾಣಗಳನ್ನು ಗೊತ್ತುಮಾಡತಕ್ಕದ್ದು. ಮೂರರಲ್ಲಿ ಮೊದಲನೆಯದೇ ಕಠಿನ. ಕಾವಲುಗಳ ವಿಷಯವನ್ನೇ ನೋಡಿ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಮೈಸೂರು ಅರಸರ ಕಾಲದಿಂದ ಆ ದನಗಳ ಮೇವಿಗೆ ಬಿಟ್ಟ ಹುಲ್ಲುಗಾವಲುಗಳು ಈ ಸೀಮೆಯಲ್ಲಿ ಹರಡಿಕೊಂಡಿವೆ. ಅದೇ ನೆಲ ಪಶುಸಂಗೋಪನೆಯವರ ದಫ್ತರಿನಲ್ಲಿ ಕಾವಲು, ಅರಣ್ಯದವರ ದಫ್ತರಿನಲ್ಲಿ ಕಾಡು, ಕಂದಾಯದವರ ಪಹಣಿಯಲ್ಲಿ ಕೆಲವೊಮ್ಮೆ ಮಂಜೂರಾದ ಜಮೀನು. ಇಂತಹ ಕಡೆ ‘ಈಗಿರುವ ಸ್ಥಿತಿ’ ಯಾವುದು? ಮೂರು ದಫ್ತರುಗಳನ್ನು ತಂದು ಒಂದು ಮೇಜಿನ ಮೇಲಿಟ್ಟರೆ ವಿವಾದ ಬಗೆಹರಿಯುವುದಿಲ್ಲ, ಬೆಳಕಿಗೆ ಬರುತ್ತದೆ. ಎಷ್ಟೋ ಕಡೆ ಗಣಕೀಕರಣವು ಮುಂದುವರಿಯದಿರುವುದಕ್ಕೆ ಯಂತ್ರದ ಅಭಾವ ಕಾರಣವಲ್ಲ. ಆ ಬೆಳಕು ಯಾರಿಗೂ ಬೇಡವಾಗಿರುವುದೇ ಕಾರಣ.

ಅಜ್ಜಂಪುರದ ಉದಾಹರಣೆ ಇಷ್ಟಕ್ಕೆ ಮುಗಿಯಲಿಲ್ಲ. ಬಹುಕಾಲ ತರೀಕೆರೆಯ ಹೋಬಳಿಯಾಗಿದ್ದ ಈ ಊರು 2017-18ರ ಮುಂಗಡಪತ್ರದಲ್ಲಿ ಸಾರಲಾದ ಹೊಸ ತಾಲೂಕುಗಳಲ್ಲಿ ಒಂದಾಯಿತು. ಹೊಸ ತಾಲೂಕೆಂದರೆ ಜನರ ಮನಸ್ಸಿಗೆ ಬರುವುದು ತಹಸೀಲ್ದಾರರ ಕಚೇರಿ, ನಾಮಫಲಕ, ಮಿನಿ ವಿಧಾನಸೌಧ. ಒಳಗೆ ನಡೆಯಬೇಕಾದ ಕೆಲಸವೇ ಬೇರೆ. ಭೂಮಿಯಲ್ಲಿ ಆ ಗ್ರಾಮಗಳನ್ನೆಲ್ಲ ಒಂದು ತಾಲೂಕಿನಿಂದ ಇನ್ನೊಂದಕ್ಕೆ ದಾಟಿಸಬೇಕು. ನಡುದಾರಿಯಲ್ಲಿರುವ ಮ್ಯುಟೇಶನ್ ಅರ್ಜಿಗಳು ಕಳೆಯಬಾರದು. ಖಜಾನೆಯಲ್ಲಿ ಸಂಬಳದ ಬಿಲ್ಲಿಗೆ ರುಜುಹಾಕುವ ಅಧಿಕಾರಿಗೆ ಹೊಸ ಸಂಕೇತ ಬೇಕು. ಫ್ರೂಟ್ಸಿನಲ್ಲಿ, ಕುಟುಂಬದಲ್ಲಿ, ಪಡಿತರದಲ್ಲಿ, ನಾಡಕಚೇರಿಯ ಜಾತಿ ಆದಾಯ ಪತ್ರಗಳಲ್ಲಿ ತಾಲೂಕಿನ ಹೆಸರು ಬದಲಾಗಬೇಕು. ಹಳೆಯ ಪತ್ರಗಳು ಮಾತ್ರ ಹಳೆಯ ಹೆಸರಿನಿಂದಲೇ ಸಿಂಧುವಾಗಿ ಉಳಿಯಬೇಕು. ಒಂದೇ ವಿನ್ಯಾಸದ ಕೆಳಗೆ ಇವೆಲ್ಲವೂ ಇದ್ದರೆ ಒಂದು ಕಡೆ ತಿದ್ದಿದರೆ ಸಾಕು. ಇಲ್ಲದಿದ್ದರೆ ಪ್ರತಿಯೊಂದು ಇಲಾಖೆಯೂ ತನಗೆ ಬಿಡುವಾದಾಗ ತಿದ್ದಿಕೊಳ್ಳುತ್ತದೆ, ಅಲ್ಲಿಯವರೆಗೆ ಒಂದೇ ಗ್ರಾಮವು ಎರಡು ತಾಲೂಕುಗಳಲ್ಲಿ ಬದುಕುತ್ತದೆ. 2011ರ ಜನಗಣತಿಯ ಪುಸ್ತಕವನ್ನು ತೆರೆದರೆ ಜಿಲ್ಲೆಗೆ ಏಳೇ ತಾಲೂಕುಗಳು. ಅಜ್ಜಂಪುರದ ಹಳ್ಳಿಗಳೆಲ್ಲ ತರೀಕೆರೆಯ ಹೊಟ್ಟೆಯೊಳಗಿವೆ. ಹೊಸ ತಾಲೂಕಿನ ಜನಸಂಖ್ಯೆ ಬೇಕೆನ್ನುವವನು ಹಳ್ಳಿ ಹಳ್ಳಿಯ ಅಂಕಿಯನ್ನು ಆರಿಸಿ ಕೂಡಿಸಿಕೊಳ್ಳಬೇಕು.

ಹಾಗೆ ಕೂಡಿಸಿಕೊಳ್ಳುವುದು ಸಾಧ್ಯವಾಗುವುದಾದರೂ ಪ್ರತಿ ಹಳ್ಳಿಗೂ ಜನಗಣತಿಯವರು ಕೊಟ್ಟಿರುವ ಆರಂಕಿಯ ಸಂಖ್ಯೆಯ ದೆಸೆಯಿಂದ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ನಿರ್ದೇಶಿಕೆಯು ಆ ಸಂಖ್ಯೆಗಳನ್ನೇ ಮುಂದುವರಿಸಿಕೊಂಡಿದೆ. ತಾಲೂಕು ಬದಲಾದರೂ ಹಳ್ಳಿಯ ಸಂಖ್ಯೆ ಬದಲಾಗಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ ಶಾಲೆಗಳಿಗೆ ಕೊಟ್ಟಿರುವ ಯು-ಡೈಸ್ ಸಂಖ್ಯೆಯನ್ನು ನೋಡಿ: ಹನ್ನೊಂದು ಅಂಕಿಗಳಲ್ಲಿ ಮೊದಲೆರಡು ರಾಜ್ಯಕ್ಕೆ, ಮುಂದಿನೆರಡು ಜಿಲ್ಲೆಗೆ, ಆಮೇಲಿನೆರಡು ವಲಯಕ್ಕೆ, ಮೂರು ಗ್ರಾಮಕ್ಕೆ, ಎರಡು ಶಾಲೆಗೆ. ಓದುವುದಕ್ಕೆ ಅಚ್ಚುಕಟ್ಟು, ಆದರೆ ವಲಯ ಒಡೆದ ದಿನ ಶಾಲೆಯ ಗುರುತನ್ನೇ ಬದಲಾಯಿಸಬೇಕು, ಅಥವಾ ಸುಳ್ಳು ವಿಳಾಸವನ್ನು ಹೊತ್ತುಕೊಂಡೇ ಸಂಖ್ಯೆ ಮುಂದುವರಿಯಬೇಕು. ದನಗಳ ಕಿವಿಗೆ ಈಗ ಚುಚ್ಚುವ ಹನ್ನೆರಡಂಕಿಯ ಓಲೆ ಇದಕ್ಕಿಂತ ಮೇಲು. ಅಜ್ಜಂಪುರದ ಹೋರಿ ಜಾತ್ರೆಯಲ್ಲಿ ಕೈಬದಲಾಗಿ ಹಾವೇರಿಗೆ ಹೋದರೂ ಅದರ ಸಂಖ್ಯೆ ಅದೇ. ಒಡೆಯನ ಹೆಸರು ಮಾತ್ರ ಬೇರೆ. ಗುರುತಿನ ಸಂಖ್ಯೆಯಲ್ಲಿ ವಿಳಾಸವನ್ನು ಹೆಣೆಯಬಾರದೆಂಬ ಈ ಚಿಕ್ಕ ನಿಯಮವೊಂದನ್ನು ಎಲ್ಲ ಇಲಾಖೆಗಳೂ ಪಾಲಿಸಿದ್ದರೆ ತಾಲೂಕು ಒಡೆಯುವ ತಲೆನೋವು ಅರ್ಧಕ್ಕೆ ಇಳಿಯುತ್ತಿದ್ದಿತು.

ಹೆಸರುಗಳ ಪಾಡು ಇನ್ನೂ ಕಷ್ಟ. 9ನೆಯ ಅಂಕಣದ ‘ರಂಗಪ್ಪ ಬಿನ್ ತಿಮ್ಮಪ್ಪ’ ಆಧಾರಿನಲ್ಲಿ ಇಂಗ್ಲಿಷ್ ಅಕ್ಷರಗಳ ‘ರಂಗಪ್ಪ ಟಿ.’ ಆಗಿ, ಬ್ಯಾಂಕಿನಲ್ಲಿ ‘ಟಿ. ರಂಗಪ್ಪ’ನಾಗಿ ಕೂತಿರುತ್ತಾನೆ. ಮೊದಲ ತಲೆಮಾರಿನ ಕನ್ನಡ ತಂತ್ರಾಂಶಗಳು ಒಂದೊಂದೂ ಒಂದೊಂದು ಬಗೆಯ ಅಕ್ಷರಸಂಕೇತವನ್ನು ಬಳಸಿದ್ದರಿಂದ ಕನ್ನಡದಲ್ಲಿಯೇ ಬರೆದ ಎರಡು ಹೆಸರುಗಳೂ ಯಂತ್ರಕ್ಕೆ ಬೇರೆಯಾಗಿ ಕಾಣುತ್ತಿದ್ದವು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ತೊಡಕು ಬಿಟ್ಟಿತು. ವ್ಯಕ್ತಿಯ ಹೆಸರನ್ನೂ ಸ್ಥಳದ ಸಂಕೇತಗಳನ್ನೂ ಹೇಗೆ ಬರೆಯಬೇಕೆಂಬ ದತ್ತಾಂಶ ಮಾನಕಗಳು ಕೇಂದ್ರದಿಂದ 2011ರಲ್ಲಿಯೇ ಬಂದಿವೆ. ಆದರೆ ‘ಬಿನ್’ ಮತ್ತು ‘ಕೋಂ’ಗಳಿಂದ ತುಂಬಿದ ನಮ್ಮ ಪಹಣಿಯ ಹೆಸರುಗಳನ್ನು ಅವುಗಳೊಡನೆ ಹೊಂದಿಸುವುದು ಸುಲಭವಲ್ಲ. ಮಾನದಂಡವನ್ನು ಮೇಲಿನಿಂದ ಇಳಿಸುವವರು ಒಮ್ಮೆ ಕೆಳಗಿನ ಕಿಟಕಿಯನ್ನು ಕಂಡುಬರಬೇಕೆನ್ನುವುದು ಇದಕ್ಕಾಗಿಯೇ.

ಮಾನದಂಡವಿಲ್ಲದ ವ್ಯವಸ್ಥೆಗೆ ತೆರಬೇಕಾದ ಬೆಲೆಯನ್ನು ತರೀಕೆರೆ ಹಿಂದೊಮ್ಮೆ ಕಣ್ಣಾರೆ ಕಂಡಿದೆ. ಅಲ್ಲಿಂದ ನರಸಿಂಹರಾಜಪುರದ ಕಾಡಿನ ಕಡೆಗೆ ಎರಡಡಿ ಅಗಲದ ಕಿರುರೈಲು ಹೋಗುತ್ತಿದ್ದಿತು. ಬೀರೂರು ಶಿವಮೊಗ್ಗಗಳ ನಡುವಣ ದಾರಿ ಮೀಟರ್ ಗೇಜು. ಮಲೆನಾಡಿನಿಂದ ಇಳಿದುಬಂದ ಸರಕನ್ನು ತರೀಕೆರೆಯಲ್ಲಿ ಇಳಿಸಿ ಮತ್ತೆ ಹೇರದೆ ಗತ್ಯಂತರವಿರಲಿಲ್ಲ. ಕಿರುರೈಲು ಹೋಯಿತು, ದೊಡ್ಡ ದಾರಿಗಳು ಕಳೆದ ಶತಮಾನದ ಕೊನೆಯ ದಶಕದಲ್ಲಿ ಬ್ರಾಡ್ ಗೇಜಾದವು, 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದಾಗ ಹಳಿಯ ಅಗಲವೆಷ್ಟಿರಬೇಕೆಂದು ಯಾರೂ ಚರ್ಚಿಸಲಿಲ್ಲ. ಇಂದು ಅರ್ಜಿದಾರನು ಒಂದು ಕಚೇರಿಯಲ್ಲಿ ಮುದ್ರಿಸಿಕೊಂಡ ಪಹಣಿಯನ್ನು ಹಿಡಿದು ಇನ್ನೊಂದು ಕಚೇರಿಗೆ ನಡೆಯುವುದು ಆ ಹಳೆಯ ಹೇರಾಟವೇ. ಸರಕು ಮಾತ್ರ ಬದಲಾಗಿದೆ.

ಹಾಗಾದರೆ ಪ್ರಗತಿಯಾಗಿದೆಯೆ? ಪುಸ್ತಕದಲ್ಲಿ ಸಾಕಷ್ಟು ಆಗಿದೆ. ಕಿಟಕಿಯ ಬಳಿ ಅರ್ಧ ಆಗಿದೆ: ನೋಂದಣಿಯ ಸುದ್ದಿ ಪಹಣಿಗೆ ತಲುಪುತ್ತದೆ, ಫ್ರೂಟ್ಸ್ ಭೂಮಿಯನ್ನು ಕೇಳುತ್ತದೆ, ಸಕಾಲ ದಿನ ಎಣಿಸುತ್ತದೆ. ಉಳಿದರ್ಧ ಆಗದಿರುವುದಕ್ಕೆ ಕಾರಣವನ್ನು ಭೂಮಿ ಯೋಜನೆಯ ಚರಿತ್ರೆಯೇ ಹೇಳುತ್ತದೆ. ಒಂದೊಂದು ತಾಲೂಕಿನಲ್ಲಿಯೂ ಗಣಕದ ಪಹಣಿ ಸಿದ್ಧವಾದೊಡನೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸಾರಲಾಯಿತು. ಆ ದಿನದಿಂದ ಹಿಂತಿರುಗುವ ದಾರಿ ಮುಚ್ಚಿತು. ಸಂಸ್ಥಾವಿನ್ಯಾಸದ ರಾಷ್ಟ್ರೀಯ ಮಾನದಂಡಕ್ಕೆ ಅಂತಹ ಕಾಯಿದೆಯ ಬೆಂಬಲವಿಲ್ಲ. ಒಪ್ಪಿದವರಿಗೆ ಉಂಟು, ಒಪ್ಪದವರಿಗೆ ಇಲ್ಲ.

2027ರ ಮಾರ್ಚ್ 1ನೆಯ ತಾರೀಖನ್ನು ಗಣನೆಯ ದಿನವಾಗಿಟ್ಟುಕೊಂಡಿರುವ ಜನಗಣತಿಯಲ್ಲಿ ಅಜ್ಜಂಪುರವು ಮೊದಲ ಬಾರಿಗೆ ತಾಲೂಕಾಗಿ ಎಣಿಕೆಗೆ ಬರತಕ್ಕದ್ದು. ಅಷ್ಟರೊಳಗಾದರೂ ರಾಜ್ಯ ಸರ್ಕಾರವು ಒಂದು ಸಣ್ಣ ಆಜ್ಞೆಯನ್ನು ಹೊರಡಿಸಬೇಕೆಂದು ನನ್ನ ವಿಜ್ಞಾಪನೆ: ಗ್ರಾಮ, ಜಮೀನು, ಕುಟುಂಬ, ಶಾಲೆ ಇವುಗಳಲ್ಲಿ ಪ್ರತಿಯೊಂದರ ವಿವರಕ್ಕೂ ಒಡೆಯನಾದ ಇಲಾಖೆ ಯಾವುದೆಂದು ಹೆಸರಿಸಿ, ಇಂತಹ ತಾರೀಖಿನ ಮೇಲೆ ಆ ವಿವರವನ್ನು ಪ್ರಜೆಯಿಂದ ಮತ್ತೆ ಕೇಳುವ ಹಕ್ಕು ಇನ್ನಾವ ಕಚೇರಿಗೂ ಇಲ್ಲವೆಂದು ಅದರಲ್ಲಿ ಬರೆದಿರಲಿ. ಓದುಗರಾದ ರೈತಬಾಂಧವರು ಅಲ್ಲಿಯವರೆಗೆ ತಮ್ಮ ಪಹಣಿಯ 9, 11 ಮತ್ತು 12ನೆಯ ಅಂಕಣಗಳನ್ನು ವರ್ಷಕ್ಕೊಮ್ಮೆ ತಾವೇ ಓದಿ ನೋಡಿಕೊಳ್ಳುವುದು ಕ್ಷೇಮ. ಪೌತಿಖಾತೆ ಬಾಕಿಯಿದ್ದವರು ಈ ಸುಗ್ಗಿಗೆ ಮುಂಚೆಯೇ ನಾಡಕಚೇರಿಗೆ ಅರ್ಜಿ ಕೊಡಿ.